ಹತ್ತಿ ನೋಡಿದೆ

ಫೆಬ್ರವರಿ 9

ಪ್ರೀತಿಯ ಗುಂಡನಿಗೆ,

ನೀನು ಬರೆದು ಅಚ್ಚು ಹಾಕಿಸಿ ಕಳಿಸಿದ ಪುಸ್ತಿಕೆ ಬಂದು ಎಂಟು ದಿನವಾಯಿತು. ವ್ಯಾಪಾರ ಮಾಡುವವರು ಹೇಗೆ ನಡೆದುಕೊಳ್ಳಬೇಕು ಎನ್ನುವುದಕ್ಕೆ ಹದಿನೆಂಟು ಸೂತ್ರಗಳು. ಪೂರ್ತಿ ಓದಿದೆ. ದೇವರ ಹೆಸರು ಎಲ್ಲೂ ಬರಲಿಲ್ಲ. ಅಚ್ಚಿನ ತಪ್ಪಿರಬೇಕೆಂದು ಎರಡನೇ ಸಲವೂ ಹುಡುಕಿದೆ. ಈಗ ನಮ್ಮ ಏಣಿ ಅಂಗಡಿಯ ಮೇಸ್ತ್ರಿ ಅದನ್ನು ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟಿದ್ದಾರೆ. ಮೇಜು ಅಲ್ಲಾಡುತ್ತಿಲ್ಲ. ನಿನ್ನ ಮಾತಿಗೆ ಆಧಾರವಿಲ್ಲ ಎಂದು ಇನ್ನು ಯಾರೂ ಹೇಳುವಂತಿಲ್ಲ.

ತಮಾಷೆ ಸಾಕು. ಒಂದು ತಪ್ಪಾಗಿದೆ. ನಿನಗೆ ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ, ಇಲ್ಲದಿದ್ದರೆ ನನಗೆ ಧೈರ್ಯ ಬರುವುದಿಲ್ಲ.

ಅಪ್ಪ ಮಾಡಿದ ಯಾವ ಏಣಿಯೂ ಅವರು ಹತ್ತದೆ ಅಂಗಡಿಯ ಹೊಸಲು ದಾಟಿದ್ದಿಲ್ಲ. ಮೇಲಿನ ಮೆಟ್ಟಿಲ ಮೇಲೆ ನಿಂತು ಮೂರು ಸಲ ಕುಪ್ಪಳಿಸಿ, ಇಳಿದು ಬಂದು, ಅದೇ ಮೆಟ್ಟಿಲಿನ ಅಡಿಗೆ ಕಾದ ಮುದ್ರೆ ಒತ್ತುತ್ತಿದ್ದರು: 'ಹತ್ತಿ ನೋಡಿದೆ'. ಅವರು ಹೋಗಿ ಹದಿನಾಲ್ಕು ತಿಂಗಳು. ಅಂದಿನಿಂದ ನಾನು ಹತ್ತುತ್ತಿದ್ದೇನೆ, ನಾನು ಕುಪ್ಪಳಿಸುತ್ತಿದ್ದೇನೆ, ನಾನು ಮುದ್ರೆ ಒತ್ತುತ್ತಿದ್ದೇನೆ. ಒಂದು ದಿನವೂ ತಪ್ಪಿಸಿಲ್ಲ.

ಕಳೆದ ವಾರ ನಮ್ಮ ಬೀದಿಯ ಬಣ್ಣದಣ್ಣ ಹೊಸ ಏಣಿಗೆಂದು ಬಂದ. ಗೋಡೆಗಳಿಗೆ ಬಣ್ಣ ಹೊಡೆಯುವವನು. ಅವನ ಆಕಾರ ನಿನಗೆ ನೆನಪಿರಬಹುದು, ನಿನ್ನದೇ ಅಚ್ಚು. ನಾನು ಮೇಲೆ ಕುಪ್ಪಳಿಸುವುದನ್ನು ನೋಡುತ್ತಾ ನಿಂತಿದ್ದವನು ನಿಧಾನವಾಗಿ ಹೇಳಿದ, "ಅಕ್ಕಾ, ನೀವು ಹತ್ತಿದ್ದು ಏಣಿಗೆ ಗೊತ್ತಾಯ್ತಾ?"

ಮೇಸ್ತ್ರಿ ನಕ್ಕರು. ನಾನೂ ನಕ್ಕೆ. ಭಾನುವಾರ ಚರ್ಚಿನಲ್ಲಿ ಮಂಡಿಯೂರಿದಾಗ ಆ ಪ್ರಶ್ನೆ ಅರ್ಥವಾಯಿತು. ಗುಂಡ, ಅಪ್ಪ ನೂರ ಎಂಟು ಕಿಲೋ ಇದ್ದರು. ನಾನು ನಲವತ್ತಾರು. ನನ್ನ ತೂಕಕ್ಕೆ ಮುರಿಯಬೇಕಾದರೆ ಅದು ಏಣಿಯಾಗಿರಬಾರದು, ಹಪ್ಪಳವಾಗಿರಬೇಕು. ಮುದ್ರೆ ಸುಳ್ಳು ಹೇಳಿಲ್ಲ. ಹತ್ತಿದ್ದೂ ನಿಜ, ನೋಡಿದ್ದೂ ನಿಜ. ಎರಡು ನಿಜ ಸೇರಿ ಒಂದು ಸುಳ್ಳಾಗಿದೆ. ಅಂಥ ನೂರ ಹದಿನೇಳು ಏಣಿಗಳು ಹೊರಗೆ ಹೋಗಿವೆ.

ಚರ್ಚಿನ ಗುರುಗಳ ಬಳಿ ಹೋಗಿ ಎಲ್ಲವನ್ನೂ ಹೇಳಿಕೊಂಡೆ. ದೇವರು ಮನಸ್ಸು ನೋಡುತ್ತಾನೆ, ಕ್ಷಮಿಸುತ್ತಾನೆ ಎಂದರು. ಮನಸ್ಸು ಹಗುರವಾಯಿತು. ನಾನು ಇನ್ನೂ ಹಗುರವಾದರೆ ಗತಿಯೇನು ಎನ್ನುವುದು ಬೇರೆ ಮಾತು.

ನಿನ್ನ,
ಕಡ್ಡಿ ಅಕ್ಕ


ಫೆಬ್ರವರಿ 16

ಅಕ್ಕಾ,

ಕಡ್ಡಿಯನ್ನು ಗುಡ್ಡ ಮಾಡಬೇಡ ಎಂದು ಬರೆಯಲು ಕೂತೆ. ಬರೆಯಲಾಗಲಿಲ್ಲ. ನಮ್ಮ ಮನೆಯಲ್ಲಿ ಕಡ್ಡಿ ನೀನು, ಗುಡ್ಡ ನಾನು, ಇಬ್ಬರನ್ನೂ ಮಾಡಿದವರು ಒಬ್ಬರೇ. ಗಾದೆ ನಮಗೆ ಅನ್ವಯಿಸುವುದಿಲ್ಲ.

ನನ್ನ ಪುಸ್ತಿಕೆಗೆ ಮೇಜಿನ ಕೆಳಗಾದರೂ ಸ್ಥಾನ ಸಿಕ್ಕಿದ್ದಕ್ಕೆ ಮೇಸ್ತ್ರಿಗೆ ವಂದನೆ ಹೇಳು. ಇಲ್ಲಿ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಅಷ್ಟೂ ಉಪಯೋಗಿಸುವುದಿಲ್ಲ.

ಈಗ ಕೇಳು. ಬೈದರೂ ಪರವಾಗಿಲ್ಲ. ಕ್ಷಮೆ ಕೇಳಿದ್ದೀಯ, ಸರಿ, ಆದರೆ ವಿಳಾಸ ತಪ್ಪಾಗಿದೆ. ದೇವರು ನಿನ್ನ ಹತ್ತಿರ ಏಣಿ ಕೊಂಡಿಲ್ಲ. ಅವನಿಗೆ ಅದರ ಅಗತ್ಯವೂ ಇಲ್ಲ, ಮೊದಲೇ ಮೇಲಿದ್ದಾನೆ ಎಂದು ನೀವೇ ಹೇಳುತ್ತೀರಿ. ಕೊಂಡವರು ನೂರ ಹದಿನೇಳು ಜನ ಕೆಳಗಿದ್ದಾರೆ, ದಿನಾ ಹತ್ತುತ್ತಿದ್ದಾರೆ. ನಿನಗೆ ಗೊತ್ತಿರುವ ವಿಷಯ ಅವರಿಗೆ ಗೊತ್ತಿಲ್ಲ. ನನ್ನ ನಾಲ್ಕನೇ ಸೂತ್ರ ಇಷ್ಟೇ: ಬೀಳುವವನು ಯಾರೋ, ಮೊದಲು ತಿಳಿಯಬೇಕಾದವನು ಅವನು. ಇದಕ್ಕೆ ಸ್ವರ್ಗ ಬೇಡ, ನರಕ ಬೇಡ. ಆ ಏಣಿಯ ಮೇಲೆ ನೀನಿದ್ದರೆ ನಿನಗೆ ಯಾರಾದರೂ ಹೇಳಬೇಕಿತ್ತು ಅನ್ನಿಸುತ್ತಿತ್ತೋ ಇಲ್ಲವೋ, ಅಷ್ಟು ಸಾಕು.

ಅವರಿಗೆ ಹೇಳುವ ತನಕ ನಿನ್ನ ಮನಸ್ಸು ಹಗುರವಾಗಬಾರದಿತ್ತು, ಅಕ್ಕ. ಗುರುಗಳು ಒಳ್ಳೆಯವರು. ಆದರೆ ಅವರೂ ಏಣಿ ಹತ್ತುವವರಲ್ಲ.

ನಿನ್ನ ಭಾರದ ತಮ್ಮ,
ಗುಂಡ


ಮಾರ್ಚ್ 2

ಗುಂಡ,

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಇರುವ ನಲವತ್ತಾರರಲ್ಲಿ ಅದೂ ಒಂದು ನಷ್ಟ. ನಂಬಿಕೆ ಬಿಟ್ಟವನು ನನಗೆ ಪಶ್ಚಾತ್ತಾಪದ ಪಾಠ ಹೇಳುವುದೇ ಎಂದು ಸಿಟ್ಟು ಬಂತು. ಮೂರನೇ ದಿನ ಅದೇ ಕಾಗದವನ್ನು ಗುರುಗಳಿಗೆ ಓದಿಸಿದೆ. ಅವರು ಅದನ್ನು ಮಡಚಿ ನನಗೆ ವಾಪಸು ಕೊಟ್ಟರು. ಆಮೇಲೆ ಹೇಳಿದ್ದು ಇಷ್ಟು, "ನಿನ್ನ ತಮ್ಮನ ಮಾತನ್ನು ನಾನು ಆಡಬೇಕಿತ್ತು ಮಗಳೇ. ಅಣ್ಣತಮ್ಮಂದಿರ ಜೊತೆ ಮೊದಲು ರಾಜಿಯಾಗು, ಆಮೇಲೆ ಕಾಣಿಕೆ ತಾ ಅಂತ ಪ್ರತಿ ವರ್ಷ ಬೋಧನೆ ಮಾಡ್ತೀನಿ. ಆ ದಿನ ಮರೆತೇಬಿಟ್ಟೆ."

ಅಂಗಡಿಯಲ್ಲಿ ಇನ್ನೂ ಮಾರಾಟವಾಗದ ಹನ್ನೊಂದು ಏಣಿಗಳಿದ್ದವು. ಬಣ್ಣದಣ್ಣನನ್ನು ಕರೆದು, ಕೈಗೊಂದು ಮರಳಿನ ಚೀಲ ಕೊಟ್ಟು, ಒಂದೊಂದನ್ನೂ ಹತ್ತಿಸಿದೆ. ಎರಡೂ ಸೇರಿ ನೂರ ಇಪ್ಪತ್ತು ಕಿಲೋ. ಒಂದೂ ಕಿರ್ ಎನ್ನಲಿಲ್ಲ. ಮೇಸ್ತ್ರಿಯ ಮುಖ ಅರಳಿತು. ಅವರಿಗೆ ಈ ಸುದ್ದಿ ಹೊರಗೆ ಹೋಗುವುದೇ ಬೇಡ. ಹಾಲು ಮಾರುವವರು ಹಾಲಿನ ಜೊತೆ ಅನುಮಾನ ಮಾರುತ್ತಾರೆಯೇ, ನಾವು ಯಾಕೆ ಮಾರಬೇಕು ಎನ್ನುತ್ತಾರೆ. ಅವರದೂ ತಪ್ಪಲ್ಲ. ನಮಗಿರುವುದು ಒಂದೇ ಹೆಸರು, ಅದೂ ಮೆಟ್ಟಿಲಿನ ಅಡಿಯಲ್ಲಿದೆ. ಅದು ಹೋದರೆ ಅವರ ಮನೆಯ ಒಲೆಯೂ ಹೋಯಿತು.

ಏನು ಮಾಡಲಿ ಹೇಳು. ಸೂತ್ರದ ಸಂಖ್ಯೆ ಬೇಡ, ಉತ್ತರ ಬೇಕು.

ಅಕ್ಕ


ಮಾರ್ಚ್ 10

ಅಕ್ಕಾ,

ಹನ್ನೊಂದಕ್ಕೆ ಹನ್ನೊಂದೂ ಪಾಸು. ನನ್ನ ತರಗತಿಯಲ್ಲಿ ಇದುವರೆಗೆ ಆಗದ ಸಂಗತಿ. ಮೇಸ್ತ್ರಿಯ ಕೈ ಅಪ್ಪನ ಕೈಯಲ್ಲೇ ಪಳಗಿದ್ದು, ಮರವೂ ಅದೇ ಅಂಗಡಿಯದು. ಹಾಗಿದ್ದ ಮೇಲೆ ಹೊರಗಿನವುಗಳಲ್ಲಿ ಕೆಟ್ಟವು ಇದ್ದರೂ ಒಂದೋ ಎರಡೋ. ಇಲ್ಲದೆಯೂ ಇರಬಹುದು.

ನನ್ನ ಸಲಹೆ: ನೂರ ಹದಿನೇಳು ಜನಕ್ಕೂ ಒಂದೊಂದು ಕಾರ್ಡ್ ಹಾಕು. ಪರೀಕ್ಷೆ ಪೂರ್ತಿಯಾಗಿರಲಿಲ್ಲ, ಭಾರವಾದವರು ಎಚ್ಚರದಿಂದಿರಿ, ಬೇಕಿದ್ದರೆ ವಾಪಸು ತನ್ನಿ, ಬದಲಿ ಕೊಡುತ್ತೇವೆ ಎಂದು ಬರೆ. ವಿಷಯ ಮುಚ್ಚಿಟ್ಟಂತಾಗುವುದಿಲ್ಲ, ಊರಿಗೆ ಊರೇ ಗಾಬರಿಯಾಗುವುದೂ ಇಲ್ಲ. ಎಷ್ಟು ಅಪಾಯವೋ ಅಷ್ಟು ಮದ್ದು. ಮೇಸ್ತ್ರಿಯ ಒಲೆಯೂ ಉರಿಯುತ್ತಿರಲಿ. ಒಲೆ ಆರಿಸುವ ನೀತಿಯನ್ನು ನಾನು ನೀತಿ ಎನ್ನುವುದಿಲ್ಲ.

ಎಲ್ಲರ ಊರು-ಮನೆ ನಿನ್ನ ಹತ್ತಿರ ಇದೆ ತಾನೆ? ಇಲ್ಲದಿದ್ದರೆ ಈ ಇಡೀ ಕಾಗದ ವ್ಯರ್ಥ.

ಗುಂಡ


ಮಾರ್ಚ್ 15

ಗುಂಡನಿಗೆ,

ಇದೆ. ಯಾಕೆ ಇದೆ ಎಂದು ಕೇಳಿದರೆ ನಿನಗೆ ನಗು ಬರುತ್ತದೆ. ಅಪ್ಪ ಪ್ರತಿ ಏಣಿಯ ಅಂಕೆ, ಕೊಂಡವರ ಕೆಲಸ, ಊರು, ಬೀದಿ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ದಿನಾ ಬೆಳಗ್ಗೆ ಕೆಲಸಕ್ಕೆ ಮೊದಲು ಒಂದು ಪುಟ ಓದಿ, ಅವರ ಪಾದಗಳಿಗಾಗಿ ಪ್ರಾರ್ಥನೆ ಮಾಡುತ್ತಿದ್ದರು. ಕೈಗಳಿಗಲ್ಲ, ಆತ್ಮಗಳಿಗೂ ಅಲ್ಲ, ಪಾದಗಳಿಗೆ. ಅವರ ನಂತರ ನಾನೂ ಒಂದರಿಂದ ಅಂಕೆ ಹಾಕಿ ಬರೆಯುತ್ತಾ ಬಂದೆ. ನೀವು ಕಾಲೇಜಿನವರು ಇದಕ್ಕೆ ಗ್ರಾಹಕರ ದಾಖಲೆ ಎಂದೋ ಏನೋ ದೊಡ್ಡ ಹೆಸರಿಟ್ಟಿರುತ್ತೀರಿ. ಅಪ್ಪ ಮಾತ್ರ ಅದನ್ನು ಪ್ರಾರ್ಥನೆಯ ಪುಸ್ತಕ ಎಂದೇ ಕರೆದರು.

ನಿನ್ನ ಕಾರ್ಡನ್ನು ನಾನು ಒಪ್ಪುವುದಿಲ್ಲ. ಕಾರಣ ಹೇಳುತ್ತೇನೆ, ಕಡ್ಡಿ ಮುರಿದಂತೆ.

ಮೆಟ್ಟಿಲಿನ ಅಡಿಯಲ್ಲಿ ಕಬ್ಬಿಣ ಕಾಸಿ ಸುಟ್ಟ ಮಾತಿದೆ, ಹತ್ತಿ ನೋಡಿದೆ ಎಂದು. ಅಂಚೆಯಲ್ಲಿ ಬಂದ ಕಾಗದದ ಚೂರು ಬೇರೇನೋ ಹೇಳುತ್ತದೆ. ಜನ ಯಾವುದನ್ನು ನಂಬುತ್ತಾರೆ? ನಾನಾದರೆ ಸುಟ್ಟ ಮಾತನ್ನು ನಂಬುತ್ತಿದ್ದೆ. ಇನ್ನೊಂದು. ಕೆಟ್ಟವು ಇದ್ದರೂ ಒಂದೋ ಎರಡೋ ಎಂದು ಬರೆದಿದ್ದೀಯ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡಾಗ ಯೇಸುಸ್ವಾಮಿಯ ಕಥೆಯ ಕುರುಬ ಏನು ಮಾಡಿದ? ತೊಂಬತ್ತೊಂಬತ್ತು ಕ್ಷೇಮ, ಲೆಕ್ಕ ಚೆನ್ನಾಗಿದೆ ಎಂದು ಮನೆಗೆ ಹೋಗಿ ಮಲಗಲಿಲ್ಲ. ನಿನ್ನ ಪಾಠದಲ್ಲಿ ಅವನು ದಡ್ಡ. ಸರಿ. ಆದರೆ ಆ ಒಂದು ಏಣಿಯ ಮೇಲೆ ನಿಂತವನಿಗೆ ನಿನ್ನ ತೊಂಬತ್ತೊಂಬತ್ತು ಮೆಟ್ಟಿಲಾಗುತ್ತದೆಯೇ?

ಹಾಗಾಗಿ ಕಾರ್ಡೂ ಹಾಕುತ್ತೇನೆ, ಒಂದೊಂದನ್ನೂ ಹತ್ತಿಸಿಯೂ ನೋಡುತ್ತೇನೆ. ಮುದ್ರೆಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದೇನೆ. ಕೊನೆಯ ಏಣಿ ಪರೀಕ್ಷೆಯಾಗುವ ತನಕ ಇಲ್ಲಿಂದ ಹೊಸದು ಹೊರಡುವುದಿಲ್ಲ. ಮೇಸ್ತ್ರಿ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಈ ಊರಿನ ನಲವತ್ತು ಏಣಿಗಳನ್ನು ಬಣ್ಣದಣ್ಣ ಹತ್ತಲು ಒಪ್ಪಿದ್ದಾನೆ. ಉಳಿದ ಎಪ್ಪತ್ತೇಳು ಪರವೂರಿನಲ್ಲಿವೆ. ಮರಳಿನ ಚೀಲ ಹೊತ್ತು ಅಷ್ಟು ಊರು ಸುತ್ತಲು ನನ್ನಿಂದಾಗದು.

ನನಗೆ ಬೇಕಿರುವುದು ತಾನಾಗಿ ನಡೆದು ಬರುವ ನೂರು ಕಿಲೋ. ಅಪ್ಪ ನಿನ್ನ ಬಗ್ಗೆ ಹೇಳುತ್ತಿದ್ದ ಮಾತು ನಿನಗೆ ಯಾವತ್ತೂ ಹೇಳಿಲ್ಲ, ಈಗ ಹೇಳುತ್ತೇನೆ: "ಅವನಿಗೆ ನಂಬಿಕೆ ಇಲ್ಲದಿದ್ರೆ ಹೋಗ್ಲಿ ಬಿಡು, ತೂಕ ಇದೆ."

ಕಡ್ಡಿ


ಏಪ್ರಿಲ್ 27

ಅಕ್ಕಾ,

ಇದು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿರುವ ಕಾಗದ. ಅಕ್ಷರ ಸೊಟ್ಟಗಿದ್ದರೆ ಬೆಂಚನ್ನು ದೂರು. ಅದಕ್ಕೆ ಯಾರೂ ಮುದ್ರೆ ಒತ್ತಿಲ್ಲ, ನಾನು ಕೂತಾಗಿನಿಂದ ಮುಲುಗುತ್ತಿದೆ.

ಇಂದಿಗೆ ಐವತ್ತೆರಡು. ಹತ್ತು ಸಲ ಯೋಚಿಸಿ ಹತ್ತು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು ಈಗ ಐವತ್ತೆರಡು ಸಲ ಹತ್ತಿ ಆಮೇಲೆ ಯೋಚಿಸುತ್ತಿದ್ದೇನೆ. ರಜೆಯಲ್ಲಿ ಎಲ್ಲಿಗೆ ಹೋಗುತ್ತೀರಿ ಎಂದು ಪ್ರಾಂಶುಪಾಲರು ಕೇಳಿದ್ದರು. ಮೇಲಕ್ಕೆ ಎಂದೆ. ಆರೋಗ್ಯ ವಿಚಾರಿಸಿದರು.

ಪ್ರತಿ ಮನೆಯಲ್ಲೂ ಒಂದೇ ನಾಟಕ. ಬಾಗಿಲು ತಟ್ಟುತ್ತೇನೆ. ನಿಮ್ಮ ಏಣಿ ಹತ್ತಬೇಕಿತ್ತು ಎನ್ನುತ್ತೇನೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಮೇಲೆ ಏಣಿಯನ್ನು ಕನಿಕರದಿಂದ ನೋಡುತ್ತಾರೆ. ಪರೀಕ್ಷಿಸುವವನೂ ಬೀಳಬಾರದು ಎನ್ನುವ ನನ್ನದೇ ಹನ್ನೊಂದನೇ ಸೂತ್ರದ ಪ್ರಕಾರ ಸೊಂಟಕ್ಕೆ ಹಗ್ಗ ಕಟ್ಟಿ, ಅದನ್ನು ಮೇಲೆ ಗಟ್ಟಿಯಾದ ತೊಲೆಗೆ ಬಿಗಿದು, ಹತ್ತಿ, ಮೂರು ಸಲ ಕುಪ್ಪಳಿಸಿ ಇಳಿಯುತ್ತೇನೆ. ಒಬ್ಬ ಅಜ್ಜಿ ಚಪ್ಪಾಳೆ ತಟ್ಟಿ, ಇನ್ನೊಂದು ಸಲ ಮಾಡಪ್ಪಾ ಎಂದರು. ಒಂದು ಗ್ರಂಥಾಲಯದಲ್ಲಿ ಏಣಿ ಕಿರ್ ಎಂದಿತು. ಗ್ರಂಥಪಾಲಕಿ ನನಗೇ 'ಶ್' ಎಂದರು.

ನಗಿಸಲು ಬರೆದದ್ದು ಇಲ್ಲಿಗೆ ಸಾಕು. ಹೇಳಬೇಕಾದ್ದು ಬೇರೆ ಇದೆ. ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ, ಇದು ನನಗೆ ಹೊಸದು.

ಅಕ್ಕ, ಮೇಲಿನ ಮೆಟ್ಟಿಲಿನಿಂದ ಜಗತ್ತು ಬೇರೆ ಥರ ಕಾಣುತ್ತದೆ. ಒಂದು ನಾಟಕಶಾಲೆಯಲ್ಲಿ ದೀಪಗಳನ್ನು ತಿರುಗಿಸುವವನ ಏಣಿ ಹತ್ತಿದೆ. ಕೆಳಗೆ ಆರುನೂರು ಖಾಲಿ ಕುರ್ಚಿಗಳು ಬಾಯಿ ಮುಚ್ಚಿಕೊಂಡು ಕೂತಿದ್ದವು. ದೀಪದವನು ಇಪ್ಪತ್ತೈದು ವರ್ಷಗಳಿಂದ ಇಲ್ಲಿಂದಲೇ ನಾಟಕ ನೋಡಿದ್ದಾನಂತೆ. ರಾಜರ ನಡುನೆತ್ತಿಯ ಬೋಳು ಅವನಿಗೊಬ್ಬನಿಗೇ ಗೊತ್ತು. ಏಣಿ ಗಟ್ಟಿ ಇದೆಯೇ ಎಂದು ನೀವು ಯಾವತ್ತಾದರೂ ನೋಡಿದ್ದೀರಾ ಎಂದು ಕೇಳಿದೆ. ನನ್ನ ಪ್ರಶ್ನೆಯೇ ಅವನಿಗೆ ಅರ್ಥವಾಗಲಿಲ್ಲ. ಎರಡು ಕೈಯಲ್ಲಿ ಬಿಸಿ ದೀಪ ಹಿಡಿದು, ಕತ್ತಲಲ್ಲಿ, ಕಾಲಿನಿಂದಲೇ ಮೆಟ್ಟಿಲು ಹುಡುಕಿ ಹತ್ತುತ್ತಾನೆ. ಮೆಟ್ಟಿಲು ಇರುತ್ತದೆ ಎಂದು ಅವನಿಗೆ ಗೊತ್ತು. ಹೇಗೆ ಗೊತ್ತು? ನಮ್ಮಿಂದ ಗೊತ್ತು. ಅವನು ನಮ್ಮನ್ನು ನೋಡಿಯೇ ಇಲ್ಲ.

ಆಮೇಲೆ ನಿನ್ನ ಪುಸ್ತಕದ ಅರವತ್ತೊಂದನೇ ಅಂಕೆಯ ಏಣಿ. ಅದು ಒಂದು ಹಳೆಯ ಚರ್ಚಿನಲ್ಲಿತ್ತು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಒಳಗೆ ಹೋದೆ. ಏಣಿ ಒಳಗಿತ್ತಲ್ಲ.

ಗುಮ್ಮಟದ ಒಳಮೈಗೆ ಆಕಾಶ ಬಳಿದಿದ್ದಾರೆ, ಮಾಸಿಹೋಗಿದೆ. ಒಬ್ಬ ಚಿತ್ರಗಾರ್ತಿ ಅದನ್ನು ಅಂಗೈಯಗಲದಷ್ಟಾಗಿ ಹೊಸದು ಮಾಡುತ್ತಿದ್ದಾರೆ. ಎತ್ತರದ ಅಟ್ಟಣಿಗೆ, ಅದರ ಮೇಲೆ ನಮ್ಮ ಏಣಿ. ಹತ್ತಿದೆ. ಕುಪ್ಪಳಿಸಿದೆ. ತಲೆ ಎತ್ತಿದರೆ ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ ನೀಲಿ. ಗಾರೆಯ ಒಂದು ಅಂಚಿನ ಹಿಂದೆ, ನೆಲದಿಂದ ಯಾರಿಗೂ ಎಂದೆಂದಿಗೂ ಕಾಣದ ಜಾಗದಲ್ಲಿ, ಸಣ್ಣ ಸಣ್ಣ ನಕ್ಷತ್ರಗಳು. ಒಂದೊಂದಕ್ಕೂ ಎಂಟು ಮೂಲೆ, ಒಂದೊಂದಕ್ಕೂ ಹೊಂಬಣ್ಣದ ಗೆರೆ. ಇದು ಕೆಳಗಿನಿಂದ ಯಾರಿಗೂ ಕಾಣುವುದಿಲ್ಲವಲ್ಲ ಎಂದೆ.

"ನೀವು ಬಂದ್ರಲ್ಲ," ಎಂದರು ಆಕೆ, ಕುಂಚ ಒರೆಸುತ್ತಾ. "ಕಾಣಿಸ್ತಲ್ಲ."

ನಿಮಗೆ ದೇವರಲ್ಲಿ ನಂಬಿಕೆ ಇದೆಯೇ ಎಂದು ಕೇಳಿದೆ. ಸದ್ಯಕ್ಕೆ ಬಣ್ಣದಲ್ಲಿ ಇದೆ ಎಂದರು.

ವಾದ ಬಿಟ್ಟು ಮತ್ತೆ ನಕ್ಷತ್ರಗಳನ್ನೇ ನೋಡಿದೆ. ನಾನು! ನಮ್ಮ ದೇವರೂ ಬಡಗಿಯ ಮನೆಯಲ್ಲೇ ಬೆಳೆದವನು, ಕಳಪೆ ಕೆಲಸ ಮುಂದಿಟ್ಟರೆ ಒಂದೇ ನೋಟಕ್ಕೆ ಹಿಡಿಯುತ್ತಾನೆ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಾಯಿತು. ಅದನ್ನು ಬೆದರಿಕೆ ಎಂದುಕೊಂಡಿದ್ದೆ. ಆ ನಕ್ಷತ್ರಗಳ ಹತ್ತಿರ ನಿಂತಾಗ ಅದು ಬೆದರಿಕೆಯಂತೆ ಕೇಳಿಸಲಿಲ್ಲ. ಯಾರೋ ನೋಡುತ್ತಾರೆ ಎನ್ನುವುದು ಸಂತೋಷದ ಸುದ್ದಿಯೂ ಆಗಿರಬಹುದು.

ಇದರಿಂದ ನಾನು ನಿನ್ನ ಕಡೆ ವಾಲಿದೆ ಎಂದು ತಿಳಿಯಬೇಡ. ವಾಲಿದ ಏಣಿಯ ಮೇಲೆ ನಿಂತು ಬರೆದ ಮಾತು ಇದು. ಬಸ್ ಬಂತು.

ಗುಂಡ


ಮೇ 8

ಗುಂಡನಿಗೆ,

ನಿನ್ನ ಕಾಗದವನ್ನು ಮೇಸ್ತ್ರಿಗೆ ಓದಿ ಹೇಳಿದೆ. ಮಾತು ಬಿಟ್ಟವರು ಕೇಳಿಸಿಕೊಳ್ಳಬಾರದು ಎಂದೇನಿಲ್ಲವಲ್ಲ. ನಕ್ಷತ್ರಗಳ ಭಾಗ ಬಂದಾಗ ಉಳಿ ಕೆಳಗಿಟ್ಟರು. ಆ ಭಾಗ ಮತ್ತೊಮ್ಮೆ ಓದು ಎಂದರು. ಎರಡು ತಿಂಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು.

ಇಲ್ಲಿನ ಸುದ್ದಿ ಅಷ್ಟು ಚೆನ್ನಾಗಿಲ್ಲ. ಊರಿನ ನಲವತ್ತೂ ಗಟ್ಟಿಯಾಗಿವೆ. ಆದರೂ ಕಾರ್ಡ್ ತಲುಪಿದ ಮೇಲೆ ನಾಲ್ವರು ಏಣಿ ವಾಪಸು ತಂದರು. ಮುಖ್ಯರಸ್ತೆಯ ದೊಡ್ಡ ಅಂಗಡಿಯವರು ಇನ್ನು ನಮ್ಮ ಏಣಿ ಇಡುವುದಿಲ್ಲವಂತೆ. ಬೇರೆಯವರೂ ಹತ್ತಿ ನೋಡದೆಯೇ ಮಾರುತ್ತಾರೆ, ಅವರ ಬಗ್ಗೆ ಯಾರಿಗೂ ಅನುಮಾನವಿಲ್ಲ. ಹತ್ತಿ ನೋಡಿದ್ದು ಸಾಲದು ಎಂದು ಹೇಳಿದ ನಮ್ಮ ಬಗ್ಗೆ ಎಲ್ಲರಿಗೂ ಅನುಮಾನ. ನಿನ್ನ ಹದಿನೆಂಟರಲ್ಲಿ ಇದಕ್ಕೆ ಸೂತ್ರವಿದೆಯೇ? ನನ್ನ ಕಡೆ ಶಿಲುಬೆ ಇದೆ, ಅದೂ ಅಂಥ ಸಮಾಧಾನದ ವಸ್ತುವಲ್ಲ.

ನೀನು ಚರ್ಚಿನ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ ಎಂದು ಬರೆದೆ. ಅಪ್ಪನ ಅಂತ್ಯಕ್ರಿಯೆಯ ಪ್ರಾರ್ಥನೆಯ ದಿನವೂ ನೀನು ಹಾಗೇ ನಿಂತಿದ್ದೆ. ಕೊನೆಯ ತನಕ ಅಲ್ಲೇ. ನಾನು ತಿರುಗಿ ನೋಡಿದ್ದೆ. ಯಾಕೆ ಎಂದು ಅಂದು ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ.

ಪುಸ್ತಕದಲ್ಲಿ ಇನ್ನು ಉಳಿದಿರುವವು ಕೆಲವೇ. ಕೊನೆಯದು ತೊಂಬತ್ತಾರನೇ ಅಂಕೆ, ಗಡಿಯಾರದ ಗೋಪುರ. ಬಹಳ ದೂರ. ಆಯಾಸವಾಗಿದ್ದರೆ ಬಿಡು ಎಂದು ಬರೆಯಲು ಕೈ ಹೋಯಿತು. ಕೈಯನ್ನು ವಾಪಸು ಕರೆದುಕೊಂಡೆ.

ಅಕ್ಕ


ಮೇ 19

ಅಕ್ಕಾ,

ಮೊದಲು ಇದನ್ನು ಓದು: ನನಗೆ ಏನೂ ಆಗಿಲ್ಲ. ಎಡ ಮೊಣಕಾಲು ತರಚಿದೆ, ಒಂದು ಪ್ಯಾಂಟು ತೀರಿಕೊಂಡಿದೆ. ಈಗ ಕೂತುಕೋ.

ಗೋಪುರದ ಕಲ್ಲಿನ ಮೆಟ್ಟಿಲು ಮುಗಿದಲ್ಲಿ ಒಂದು ಚೌಕದ ಕೋಣೆ. ಅದರ ಒಂದು ಗೋಡೆಯೇ ಗಡಿಯಾರದ ಮುಖ, ಹಾಲುಬಿಳುಪಿನ ಗಾಜು, ಒಳಗಿನಿಂದ ನೋಡಿದರೆ ಅಂಕೆಗಳೆಲ್ಲ ತಿರುಗುಮುರುಗು. ಅಲ್ಲಿಂದ ಮೇಲಿನ ಯಂತ್ರಕ್ಕೆ ನಮ್ಮ ಏಣಿ. ಕೆಳಗೆ ನೆಲದ ಅರ್ಧ ಭಾಗ ಇಲ್ಲ. ತೂಕದ ಗುಂಡುಗಳು ಇಳಿಯಲೆಂದು ಬಾವಿಯಂತೆ ತೆರೆದುಬಿಟ್ಟಿದ್ದಾರೆ. ಗಡಿಯಾರಕ್ಕೆ ಕೀ ಕೊಡುವವರು ಒಬ್ಬ ಹಿರಿಯರು, ನಿನಗಿಂತ ಒಂದು ಹಿಡಿ ಹೆಚ್ಚು, ಅಷ್ಟೇ. ದಿನಾ ಬೆಳಗ್ಗೆ ಹತ್ತುತ್ತಾರೆ. ನಮ್ಮ ಕಾರ್ಡನ್ನು ಓದಿ, ಮಡಚಿ, ಕಿಟಕಿಯ ಸಂದಿಗೆ ಸಿಕ್ಕಿಸಿದ್ದರು, ಗಾಳಿ ಬರಬಾರದೆಂದು. ನೀನು ಹೇಳಿದ್ದು ನಿಜವಾಯಿತು.

ಹಗ್ಗ ಕಟ್ಟಿದೆ. ಆರನೇ ಮೆಟ್ಟಿಲು ಆಯಿತು. ಏಳನೆಯದರ ಮೇಲೆ ಪೂರ್ತಿ ಭಾರ ಬಿಟ್ಟೆ. ಸದ್ದು ಏನೂ ಬರಲಿಲ್ಲ, ಅದೇ ಆಶ್ಚರ್ಯ. ಮೆಟ್ಟಿಲು ಸುಮ್ಮನೆ ಎರಡಾಯಿತು.

ಆ ಬಾವಿಯ ಮೇಲೆ ಹಗ್ಗದಲ್ಲಿ ತೂಗುತ್ತಿದ್ದೆ, ಇನ್ನೊಂದು ಗುಂಡಿನ ಹಾಗೆ. ಹೆಸರಿಗೆ ತಕ್ಕ ಕೆಲಸ ಕೊನೆಗೂ ಸಿಕ್ಕಿತ್ತು. ಆಗ ಹನ್ನೊಂದು ಹೊಡೆಯಿತು. ಅಕ್ಕ, ಆ ಗಂಟೆ ಕಿವಿಗೆ ಕೇಳಿಸುವಂಥದ್ದಲ್ಲ. ಎದೆಯ ಗೂಡಿನೊಳಗೆ ಹೊಡೆಯಿತು. ಗಾಜಿನ ಆಚೆ ಬೆಳಕು, ಅದರ ಮೇಲೆ ನನಗಿಂತ ಉದ್ದದ ಮುಳ್ಳಿನ ನೆರಳು ಸರಿಯುವುದು ಕಾಣುತ್ತಿತ್ತು. ಪಕ್ಕದ ಕಿಟಕಿಯಿಂದ ನೋಡಿದರೆ, ಕೆಳಗೆ ಬೀದಿಯಲ್ಲಿ ಯಾರೋ ತಲೆ ಎತ್ತಿ ನೋಡಿ, ಕೈಗಡಿಯಾರ ಸರಿಮಾಡಿಕೊಂಡು ನಡೆದುಹೋದರು. ಅವರಿಗೆ ನಾನು ಕಾಣಲಿಲ್ಲ. ಆ ಹಿರಿಯರೂ ಯಾವತ್ತೂ ಕಂಡಿಲ್ಲ. ಇಡೀ ಊರು ನಂಬಿ ನಡೆಯುವ ಹೊತ್ತು ನಮ್ಮ ಏಳನೇ ಮೆಟ್ಟಿಲಿನ ಮೇಲೆ ನಿಂತಿತ್ತು. ಹನ್ನೊಂದು ಹೊಡೆತ ಮುಗಿಯುವ ತನಕ ಹೆದರಿಕೆಯೂ ಆಗಲಿಲ್ಲ. ನಾನು ಎಷ್ಟು ಚಿಕ್ಕವನು ಎಂದು ಮಾತ್ರ ಅನ್ನಿಸಿತು. ನೂರ ನಾಲ್ಕು ಕಿಲೋದವನಿಗೆ ಜೀವನದಲ್ಲಿ ಮೊದಲ ಸಲ.

ಇಳಿದ ಮೇಲೆ ತುಂಡನ್ನು ನೋಡಿದೆ. ಮರದ ಎಳೆ ಓರೆಯಾಗಿ ಓಡಿದೆ, ಬಣ್ಣದ ಕೆಳಗೆ ಕಾಣುವುದಿಲ್ಲ. ಮೇಸ್ತ್ರಿಯ ತಪ್ಪಲ್ಲ, ಹೇಳು ಅವರಿಗೆ. ಹಿರಿಯರು ಹಗುರ, ಆರು ತಿಂಗಳು ನಡೆಯಿತು. ಬರುವ ಸೋಮವಾರದಿಂದ ಕೆಲಸವನ್ನು ಅಳಿಯನಿಗೆ ಒಪ್ಪಿಸುವವರಿದ್ದರು. ಅಳಿಯ ಕೆಳಗೆ ಬಾಗಿಲಲ್ಲಿ ಸಿಕ್ಕ. ಅಕ್ಕ, ನನ್ನಷ್ಟೇ ಇದ್ದಾನೆ. ಅವನ ಹತ್ತಿರ ಹಗ್ಗವೂ ಇಲ್ಲ, ಸೂತ್ರವೂ ಇಲ್ಲ.

ಹಿರಿಯರು ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಬೈಯುತ್ತಾರೆ ಎಂದು ಕಾಯುತ್ತಿದ್ದೆ. "ಹೊಸದು ಯಾವಾಗ ಕಳಿಸ್ತೀರಿ?" ಎಂದರು. ಇಷ್ಟಾದ ಮೇಲೂ ನಮ್ಮದೇ ಬೇಕೇ ಎಂದು ಕೇಳಿದೆ.

"ಏಣಿ ಮಾರೋಕೆ ಸುಮಾರು ಜನ ಬಂದಿದಾರೆ ಸಾರ್. ಮುರೀಬಹುದು ಅಂತ ಹೇಳೋಕೆ ಬಂದೋರು ನೀವೊಬ್ಬರೇ."

ನೀನು ಕೇಳದ ಪ್ರಶ್ನೆಗೆ ಈಗ ಉತ್ತರ. ಆ ದಿನ ಒಳಗೆ ಬಂದಿದ್ದರೆ ಎಲ್ಲರ ಜೊತೆ ಆಮೆನ್ ಎನ್ನಬೇಕಿತ್ತು. ನಾನು ಆ ಮಾತಿನ ಮೇಲೆ ನಿಂತು ನೋಡಿದವನಲ್ಲ. ಹತ್ತಿ ನೋಡದ್ದಕ್ಕೆ ಮುದ್ರೆ ಒತ್ತಬಾರದು ಎಂದು ಕಲಿಸಿದವರು ಪೆಟ್ಟಿಗೆಯಲ್ಲಿ ಮಲಗಿದ್ದರು. ಅವರೆದುರಿಗೇ ಹೇಗೆ ಒತ್ತಲಿ? ಬಾಗಿಲಲ್ಲಿ ನಿಂತದ್ದು ಅವರ ಮೇಲಿನ ಸಿಟ್ಟಿನಿಂದಲ್ಲ. ಅವರ ಮಗ ಆದದ್ದರಿಂದ.

ಹಗ್ಗ ಕಟ್ಟಿಕೊಂಡದ್ದು ನನ್ನ ಸೂತ್ರ, ಅಷ್ಟು ದೂರ ಹೋದದ್ದು ನಿನ್ನ ಕುರುಬ. ಎರಡರಲ್ಲಿ ಒಂದಿಲ್ಲದಿದ್ದರೂ ಈ ಕಾಗದ ಇಲ್ಲ. ಯಾವುದು ಮೇಲು ಎಂದು ಮುಂದಿನ ವರ್ಷ ವಿದ್ಯಾರ್ಥಿಗಳು ಕೇಳುತ್ತಾರೆ. ಏಣಿಗೆ ಎರಡು ಕಂಬ, ಯಾವುದು ಮೇಲು ಎಂದು ನಾನು ಅವರನ್ನೇ ಕೇಳುತ್ತೇನೆ.

ನೂರ ಹದಿನೇಳೂ ಆಯಿತು.

ಗುಂಡ


ಜೂನ್ 3

ನನ್ನ ಗುಂಡನಿಗೆ,

ನಿನ್ನ ಈ ಕಾಗದವನ್ನೂ ಮೇಸ್ತ್ರಿಗೆ ಓದಿ ಹೇಳಿದೆ. ಆಮೇಲೆ ಅವರು ಎದ್ದು ಹೋಗಿ ಗೋಪುರಕ್ಕೆ ಮರ ಆರಿಸಲು ಶುರು ಮಾಡಿದರು. ಒಂದೊಂದು ಮೆಟ್ಟಿಲನ್ನೂ ಬೆಳಕಿಗೆ ಹಿಡಿದು, ಎಳೆಯ ಮೇಲೆ ಬೆರಳಾಡಿಸಿ ನೋಡುತ್ತಿದ್ದಾರೆ. ಬಣ್ಣ ಇನ್ನು ಪರೀಕ್ಷೆಯಾದ ಮೇಲೆಯೇ ಬಳಿಯುವುದಂತೆ. ಅದು ಅವರದೇ ತೀರ್ಮಾನ, ನಾನು ಹೇಳಿದ್ದಲ್ಲ.

ನೀನು ಕಳಿಸಿದ ಮುರಿದ ಮೆಟ್ಟಿಲನ್ನು ಅಂಗಡಿಯ ಬಾಗಿಲ ಮೇಲೆ ತೂಗು ಹಾಕಿದ್ದೇನೆ. ಬಂದವರು ಅದೇನು ಎಂದು ಕೇಳುತ್ತಾರೆ, ನಾನು ಹೇಳುತ್ತೇನೆ. ಕೆಲವರು ಕೇಳಿ ಹಿಂದಿರುಗುತ್ತಾರೆ. ಕೆಲವರು ಒಳಗೆ ಬರುತ್ತಾರೆ. ಮುಖ್ಯರಸ್ತೆಯ ದೊಡ್ಡ ಅಂಗಡಿ ನಮ್ಮ ಕಡೆ ಇನ್ನೂ ತಲೆ ಹಾಕಿಲ್ಲ.

ಮುದ್ರೆಯ ಬೀಗ ತೆಗೆದೆ. ಕಮ್ಮಾರನ ಹತ್ತಿರ ಕೊಂಡುಹೋಗಿ ಅಪ್ಪನ ಮಾತಿನ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ. ಈಗ ಹೀಗಿದೆ: 'ಹತ್ತಿ ನೋಡಿದೆ. ಹತ್ತಿದವರ ತೂಕ:'. ಮುಂದೆ ಖಾಲಿ ಜಾಗ. ಮೊದಲ ಸಾಲು ಅಪ್ಪನದು, ಎರಡನೆಯದು ನಿನ್ನ ಪುಸ್ತಿಕೆಯ ನಾಲ್ಕನೇ ಸೂತ್ರದಿಂದ ಬಂದದ್ದು. ಅಂದ ಹಾಗೆ ಪುಸ್ತಿಕೆ ಈಗ ಮೇಜಿನ ಮೇಲಿದೆ. ಮೇಜು ಮತ್ತೆ ಅಲುಗಾಡುತ್ತಿದೆ, ಯಾರಿಗೂ ಬೇಸರವಿಲ್ಲ.

ಬಾಗಿಲಿನ ವಿಷಯ ಬರೆದದ್ದನ್ನು ಹಲವು ಸಲ ಓದಿದೆ. ಭಾನುವಾರ ಅಪ್ಪನ ಸಮಾಧಿಯ ಹತ್ತಿರ ಗಟ್ಟಿಯಾಗಿ ಓದಿ ಹೇಳಿದೆ. ಅವರಿಗೆ ಮೊದಲೇ ಗೊತ್ತಿತ್ತು ಅನ್ನಿಸಿತು. ಗೊತ್ತಾಗದವಳು ನಾನೊಬ್ಬಳೇ.

ಪ್ರಾರ್ಥನೆಯ ಪುಸ್ತಕದಲ್ಲಿ ಒಂದು ಹೊಸ ಸಾಲು ಬರೆದಿದ್ದೇನೆ: ಪಾಠ ಹೇಳುವವನು, ಏಣಿ ಹತ್ತುವವನು, ಭಾರದವನು. ದಿನಾ ಬೆಳಗ್ಗೆ ನಿನ್ನ ಪಾದಗಳ ಸರದಿಯೂ ಬರುತ್ತದೆ. ನಿನ್ನ ಒಪ್ಪಿಗೆ ಕೇಳಿಲ್ಲ. ನಿನ್ನ ನಾಲ್ಕನೇ ಸೂತ್ರದ ಪ್ರಕಾರ ಸಂಬಂಧಪಟ್ಟವರಿಗೆ ತಿಳಿಸುತ್ತಿದ್ದೇನೆ, ಅಷ್ಟೆ.

ಗೋಪುರದ ಏಣಿ ಸಿದ್ಧವಾಗಿದೆ. ಅದರ ಜೊತೆ ಇನ್ನೂ ಐದು. ಆರೂ ಗೋಡೆಗೊರಗಿ ನಿಂತಿವೆ, ಬಣ್ಣವಿಲ್ಲ, ಮುದ್ರೆಯಿಲ್ಲ. ಬಣ್ಣದಣ್ಣ ತಾನು ಹತ್ತುತ್ತೇನೆ ಎಂದು ಬಂದಿದ್ದ. ಕೂರಿಸಿ ಮಾತಾಡಿಸಿ ಕಳಿಸಿದೆ. ಇವಕ್ಕೆ ಮನೆಯವರ ತೂಕವೇ ಬೇಕು.

ಶನಿವಾರ ಬಾ. ಊಟ ಮಾಡಿಕೊಂಡೇ ಬಾ.

ನಿನ್ನ,
ಕಡ್ಡಿ ಅಕ್ಕ